ಹದಿನಾಲ್ಕು ಹಲ್ಲು ಕೇಳಿದೆವು, ಹನ್ನೆರಡು ಸಿಕ್ಕವು

ಅಪ್ಪನಿಗೆ ಕೆಳದವಡೆಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಟ್ಟಿಸಿದ್ದ ಸೆಟ್ಟು ಮಾತಾಡುವಾಗಲೇ ಎದ್ದೆದ್ದು ಬರುತ್ತಿತ್ತು. ಊಟಕ್ಕೆ ಕೂತರೆ ತೆಗೆದು ಲೋಟಕ್ಕೆ ಹಾಕಿಬಿಡುತ್ತಿದ್ದರು. ಕಳೆದ ವರ್ಷ ದಾವಣಗೆರೆಯ ಒಂದು ಕ್ಲಿನಿಕ್ಕಿನಲ್ಲಿ ನಾಲ್ಕು ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಸ್ಕ್ರೂ) ಹಾಕಿಸಿ, ಅದರ ಮೇಲೆ ಫಿಕ್ಸೆಡ್ ಹಲ್ಲು ಕೂರಿಸಿದೆವು. ಕ್ಲಿನಿಕ್ಕಿನ ಹೆಸರು ಬೇಡ. ಕೆಲಸ ಚೆನ್ನಾಗಿದೆ, ಆದರೆ ಒಂದು ಕಡೆ ಎಡವಿದರು.

ಇಡೀ ಸಾಲಿಗೆ ನಾಲ್ಕೇ ಸ್ಕ್ರೂ ಸಾಕಾ ಅಂತ ನನಗೆ ಅನುಮಾನ ಇತ್ತು. ಎಕ್ಸ್‌ರೇ ನೋಡಿದರೆ ಹಿಂದಿನ ಎರಡು ಓರೆಯಾಗಿ ಬೇರೆ ಕೂತಿವೆ! ಅದು ಬೇಕಂತಲೇ ಹಾಗೆ ಹಾಕಿದ್ದಂತೆ. ಕೆಳದವಡೆಯೊಳಗೆ ಓಡುವ ನರ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳ ಹತ್ತಿರ ಹೊರಗೆ ಬರುತ್ತದೆ. ಅದರ ಹಿಂದೆ ಅಪ್ಪನ ಮೂಳೆ ಸವೆದು ತೆಳ್ಳಗಾಗಿತ್ತು. ಹಾಗಾಗಿ ನರದ ಮುಂದೆಯೇ ಬುಡ ಇಟ್ಟು, ತಲೆಯನ್ನು 30 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದ್ದಾರೆ. ಪೋರ್ಚುಗಲ್‌ನ ಲಿಸ್ಬನ್ನಿನ ದಂತವೈದ್ಯ ಪೌಲೊ ಮಾಲೊ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದು.

ನಾವು ಹದಿನಾಲ್ಕು ಹಲ್ಲು ಕೊಡಿ ಅಂದೆವು. ಡಾಕ್ಟರ್ ಮೇಜಿನ ಅಂಚಿನಲ್ಲಿ ಸ್ಕೇಲ್ ಇಟ್ಟು, ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹೊರಗೆ ಚಾಚಿ, ತುದಿಯನ್ನು ಬೆರಳಲ್ಲಿ ಒತ್ತಿದರು. ಸ್ಕೇಲ್ ಮಗುಚಿ ಬಿತ್ತು. ಕೊನೆಯ ಸ್ಕ್ರೂ ದಾಟಿ ಹಲ್ಲು ಚಾಚಿದಷ್ಟೂ ಹೀಗೇ ಎತ್ತುತ್ತದೆ, ಮುಂದಿನ ಸ್ಕ್ರೂಗೂ ಹಿಂದಿನದಕ್ಕೂ ನಡುವೆ ಇರುವ ಅಂತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಚಾಚಬಾರದು ಅನ್ನೋದು ಹಳೆಯ ಲೆಕ್ಕ, ನಾನು ಅಷ್ಟು ದೂರಾನೂ ಹೋಗಲ್ಲ ಅಂದರು. ಆಪರೇಷನ್ ಹೊತ್ತಿಗೆ ಸ್ಕ್ರೂ ಬಿಗಿ 35 ನ್ಯೂಟನ್-ಸೆಂಟಿಮೀಟರ್‌ಗಿಂತ (ತಿರುಚುವ ಬಲದ ಅಳತೆ) ಜಾಸ್ತಿ ತೋರಿಸಿತು, ಅದಕ್ಕೇ ಅವತ್ತೇ ಟೆಂಪರರಿ ಹಲ್ಲು ಹಾಕಿದರು. ನಾಲ್ಕು ಸ್ಕ್ರೂಗಳನ್ನೂ ಒಂದೇ ಹಲ್ಲಿನ ಸಾಲಿಗೆ ಬಿಗಿದರೆ ಒಂದೊಂದೇ ಅಲುಗಾಡಲ್ಲ, ಮೂಳೆ ಕಚ್ಚಿಕೊಳ್ಳುತ್ತದೆ.

ಎಡವಿದ್ದು ಇಲ್ಲೇ. ಟೆಂಪರರಿಗೆ ಹತ್ತೇ ಹಲ್ಲು ಸಾಕು ಅಂದವರು, ಅಪ್ಪ ಹಟ ಹಿಡಿದರು ಅಂತ ಹನ್ನೆರಡು ಕೊಟ್ಟುಬಿಟ್ಟರು. ಅದು ಬರೀ ಅಕ್ರಿಲಿಕ್ ಪ್ಲಾಸ್ಟಿಕ್. ಎರಡನೇ ತಿಂಗಳು ಅಪ್ಪ ಕದ್ದು ನಿಪ್ಪಟ್ಟು ಕಡಿದರು, ಲಟ್ ಅಂತ ಸದ್ದು. ಮುರಿದದ್ದು ಸರಿಯಾಗಿ ಕೊನೆಯ ಸ್ಕ್ರೂ ಹಿಂದೆಯೇ. ತಪ್ಪು ಅಪ್ಪನದೂ ಹೌದು. ಆದರೆ ಗೊತ್ತಿದ್ದವರು ಆಗಲ್ಲ ಅನ್ನಬೇಕಿತ್ತು, ಅಲ್ವಾ? ರಿಪೇರಿಗೆ ದುಡ್ಡು ಕೇಳಲಿಲ್ಲ, ಅದಕ್ಕೆ ಸುಮ್ಮನಾದೆ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಹಲ್ಲಿನ ಬೇರಿನ ಸುತ್ತ ತೆಳ್ಳನೆಯ ಮೆತ್ತೆಯಂಥ ನಾರು ಇರುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ಗೊತ್ತಾಗೋದು ಅದರಿಂದ. ಇಂಪ್ಲಾಂಟಿಗೆ ಅದು ಇಲ್ಲ. ಎಷ್ಟು ಜೋರಾಗಿ ಕಡಿಯುತ್ತಿದ್ದೇನೆ ಅನ್ನೋದೇ ಅಪ್ಪನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಐದು ತಿಂಗಳ ಮೇಲೆ ಒಳಗೆ ಟೈಟಾನಿಯಂ ಪಟ್ಟಿ ಇರುವ ಕಾಯಂ ಸೆಟ್ ಬಂತು. ಹಲ್ಲು ಹನ್ನೆರಡೇ. ಅಪ್ಪ ಈಗ ಮಂಡಕ್ಕಿ, ಮಿರ್ಚಿ ಆರಾಮಾಗಿ ತಿನ್ನುತ್ತಾರೆ. ಖಡಕ್ ರೊಟ್ಟಿಯನ್ನು ಮಾತ್ರ ಸಾರಲ್ಲಿ ನೆನೆಸಿಯೇ.

ಐದಕ್ಕೆ ನಾಲ್ಕು ಸ್ಟಾರ್. ಆರು ತಿಂಗಳಿಗೊಮ್ಮೆ ಸ್ಕ್ರೂ ಬಿಗಿ ನೋಡಿಸಿ ಕ್ಲೀನ್ ಮಾಡಿಸಬೇಕು, ಆ ಖರ್ಚು ಪ್ಯಾಕೇಜಿನಲ್ಲಿ ಸೇರಿಲ್ಲ. ಮೊದಲೇ ಕೇಳಿಕೊಳ್ಳಿ.