ಗೆಳೆಯನ ನೆನಪಿಗೆ ಮಾಡಿಸಿದ ಫೋಟೋ ಬುಕ್: ಪ್ರಿಂಟ್ ಚೆನ್ನಾಗಿದೆ, ಆ ಒಂದು ಟಿಕ್ ಮಾತ್ರ ತೆಗೆದುಬಿಡಿ

ಫೋಟೋ ಅಪ್‌ಲೋಡ್ ಮಾಡಿದರೆ ಬುಕ್ ಮಾಡಿ ಮನೆಗೆ ತಲುಪಿಸುವ ಆನ್‌ಲೈನ್ ಸರ್ವಿಸ್ ಒಂದರ ಬಗ್ಗೆ ಇದು. ಕಂಪನಿ ಹೆಸರು ಹಾಕುವುದಿಲ್ಲ. ಬೈಯುವುದೂ ಇದೆ, ಮತ್ತೆ ಇಂಥವೆಲ್ಲ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ, ನೀವು ಎಲ್ಲಿ ಮಾಡಿಸಿದರೂ ಇದರಲ್ಲಿ ಒಂದೆರಡು ವಿಷಯ ಉಪಯೋಗಕ್ಕೆ ಬರಬಹುದು.

ನನ್ನ ಗೆಳೆಯ ಸೈನ್ಯದಲ್ಲಿದ್ದ. 24 ವರ್ಷ. ಡ್ಯೂಟಿಯಲ್ಲಿದ್ದಾಗ ಅವನಿದ್ದ ಗಾಡಿ ಉರುಳಿಬಿತ್ತು, ಹೋಗಿಬಿಟ್ಟ. ಆಗ ಯುದ್ಧ ಏನೂ ನಡೆಯುತ್ತಿರಲಿಲ್ಲ. "ಹೌದಾ, ಎಲ್ಲಿ ಗುಂಡು ಬಿತ್ತು?" ಅಂತ ಕೇಳುವವರು ಈಗಲೂ ಸಿಗುತ್ತಾರೆ, ಗಾಡಿ ಉರುಳಿತು ಅಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಇರಲಿ. ವರ್ಷ ತುಂಬುವ ಹೊತ್ತಿಗೆ ಅವನಮ್ಮನಿಗೆ ಒಂದು ಬುಕ್ ಮಾಡಿಸಿ ಕೊಡೋಣ ಅಂತ ನಾವು ನಾಲ್ಕು ಜನ ಮಾತಾಡಿಕೊಂಡೆವು. ಕೆಲಸ ಮಾತ್ರ ನನ್ನ ತಲೆಗೆ ಬಿತ್ತು.

ಮೊದಲ ತೊಂದರೆ ಫೋಟೋಗಳದ್ದೇ. ಸೇರಿದ ಮೇಲೆ ಅವನ ಫೋಟೋ ಸಿಗುತ್ತಿದ್ದದ್ದೇ ಅಪರೂಪ. ಎಷ್ಟೋ ಕಡೆ ಫೋನ್ ಬಿಡುತ್ತಿರಲಿಲ್ಲ, ಬಿಟ್ಟ ಕಡೆ ನೆಟ್‌ವರ್ಕ್ ಇರುತ್ತಿರಲಿಲ್ಲ. ಇದ್ದಬದ್ದದ್ದೆಲ್ಲ ವಾಟ್ಸಾಪ್‌ನಲ್ಲಿ ಬಂದದ್ದು, ಅದು ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದಲ್ವಾ. ನನ್ನ ಹತ್ತಿರ ಇದ್ದವು ಹೆಚ್ಚಿನವು 1600 ಪಿಕ್ಸೆಲ್ ಉದ್ದ. ಪ್ರಿಂಟ್‌ನವರು ಕೇಳುವುದು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ. ಲೆಕ್ಕ ಹಾಕಿದರೆ ಆ ಫೋಟೋ ಸುಮಾರು ಐದೂಕಾಲು ಇಂಚಿಗಿಂತ ಜಾಸ್ತಿ ದೊಡ್ಡದಾಗುವ ಹಾಗಿಲ್ಲ. ಆಪ್ ಒಂದು ಹಳದಿ ತ್ರಿಕೋನ ತೋರಿಸಿ ಹೆದರಿಸುತ್ತದೆ. ಹೆದರಬೇಡಿ, 200ಕ್ಕೆ ಇಳಿಸಿದರೆ 8 ಇಂಚು ಬರುತ್ತದೆ, ಕೈಯಲ್ಲಿ ಹಿಡಿದು ನೋಡುವಾಗ ವ್ಯತ್ಯಾಸ ಗೊತ್ತಾಗಲೇ ಇಲ್ಲ. ಒರಿಜಿನಲ್ ಯಾರ ಫೋನಿನಲ್ಲಾದರೂ ಇದ್ದರೆ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಹಾಗೆ ಕಳಿಸಿದರೆ ಕುಗ್ಗುವುದಿಲ್ಲ.

"ತಾರೀಕಿನ ಪ್ರಕಾರ ಜೋಡಿಸು" ಅಂತ ಒಂದು ಬಟನ್ ಇದೆ. ಅದನ್ನು ಒತ್ತಬೇಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋದೊಳಗೆ ತೆಗೆದ ತಾರೀಕು ಉಳಿದಿರುವುದಿಲ್ಲ, ಹಾಗಾಗಿ ನಾವು ಸೇವ್ ಮಾಡಿದ ದಿನವನ್ನೇ ಅದು ತಾರೀಕು ಅಂದುಕೊಳ್ಳುತ್ತದೆ. ಗುಂಪಿನಲ್ಲಿ ಯಾರೋ ಹಾಕಿದ್ದ ಬಾವುಟ ಹೊದಿಸಿದ ಪೆಟ್ಟಿಗೆಯ ಫೋಟೋ ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೊದಲೇ ಸೇವ್ ಆಗಿತ್ತು. ಬಟನ್ ಒತ್ತಿದೆ. ಅದು ಕವರ್ ಮೇಲೆ ಬಂದು ಕೂತಿತು. ಅವತ್ತು ಲ್ಯಾಪ್‌ಟಾಪ್ ಮುಚ್ಚಿದವನು ಮೂರು ದಿನ ತೆಗೆಯಲಿಲ್ಲ.

ಇನ್ನೊಂದು, ಇದು ಸರ್ವಿಸ್ ತಪ್ಪಲ್ಲ, ನಮ್ಮ ಕಡೆಯ ಎಚ್ಚರಿಕೆ. ಅವನು ಕಳಿಸಿದ ಕೆಲವು ಫೋಟೋಗಳಲ್ಲಿ ಹಿಂದೆ ಬೋರ್ಡ್, ಗಾಡಿ ನಂಬರ್, ಜೊತೆಯ ಹುಡುಗರ ಮುಖ ಎಲ್ಲ ಇತ್ತು. ಅವರು ಇನ್ನೂ ಕೆಲಸದಲ್ಲಿದ್ದಾರೆ. ಯಾವುದೋ ಕಂಪನಿಯ ಸರ್ವರ್‌ಗೆ ಅದನ್ನೆಲ್ಲ ಹಾಕುವುದು ಸರಿ ಕಾಣಲಿಲ್ಲ. ತೆಗೆದೆ. ಉಳಿದದ್ದು 19 ಫೋಟೋ.

ಟೆಂಪ್ಲೇಟ್‌ಗಳ ಬಗ್ಗೆ ಏನು ಹೇಳುವುದು. ಮದುವೆ, ಮಗು, ಪ್ರವಾಸ, ನಾಯಿ-ಬೆಕ್ಕು, ಎಲ್ಲದಕ್ಕೂ ಹತ್ತಾರು ಇದೆ. "ಸ್ಮರಣೆ" ಅಂತ ಇರುವುದು ಎರಡೇ. ಎರಡೂ ಬೂದಿ ಬಣ್ಣ, ಮೂಲೆಯಲ್ಲಿ ರೆಕ್ಕೆ, ಮೋಡ. ಪರೇಡ್‌ನಲ್ಲಿ ನಿಂತು ಪಕ್ಕದವನಿಗೆ ಕೇಳುವಷ್ಟು ಮಾತ್ರ ಜೋಕ್ ಹೇಳಿ ಅವನಿಗೆ ಶಿಕ್ಷೆ ಕೊಡಿಸುತ್ತಿದ್ದ ಮನುಷ್ಯನಿಗೆ ರೆಕ್ಕೆ ಹಚ್ಚಿದರೆ ಎದ್ದು ಬಂದು ಒದೆಯುತ್ತಾನೆ. ಪ್ರವಾಸದ ಟೆಂಪ್ಲೇಟ್ ಆರಿಸಿದೆ, ಮೂಲೆಯಲ್ಲಿದ್ದ ವಿಮಾನದ ಚಿತ್ರ ಅಳಿಸಿದೆ. ಅದೇ ಚೆನ್ನಾಗಿ ಕಾಣಿಸಿತು.

ಕವರ್ ಮೇಲಿನ ಬರಹಕ್ಕೆ 40 ಅಕ್ಷರ ಅಷ್ಟೇ. ಕನ್ನಡದಲ್ಲಿ ಬರೆದರೆ ಅದು ಇನ್ನೂ ಕಮ್ಮಿ ಆಗುತ್ತದೆ, ಯಾಕೆಂದರೆ ಕಂಪ್ಯೂಟರ್ ನಮ್ಮ ಹಾಗೆ ಎಣಿಸುವುದಿಲ್ಲ. ಷ್ಣ ನಮಗೆ ಒಂದು ಅಕ್ಷರ, ಅದಕ್ಕೆ ಷ, ಅರ್ಧ ಮಾಡುವ ಗುರುತು, ಣ ಅಂತ ಮೂರು. ಮೊದಲು ಸಿಟ್ಟು ಬಂತು, ಆಮೇಲೆ ಏನು ಬರೆಯೋದು ಅಂತ ಹುಡುಕುತ್ತಾ ಕೂತಾಗ ಒಂದು ವಿಷಯ ಓದಿದೆ. 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ, ಆಗ ಅದರ ಹೆಸರು ಬೇರೆ ಇತ್ತು, ಮೊದಲ ಮಹಾಯುದ್ಧದಲ್ಲಿ ಸತ್ತವರ ಕಲ್ಲಿನ ಮೇಲೆ ಮನೆಯವರು ಬಯಸಿದ ಸಾಲು ಹಾಕಿಸಲು 66 ಅಕ್ಷರ ಕೊಟ್ಟಿತ್ತಂತೆ, ಖಾಲಿ ಜಾಗವೂ ಸೇರಿ. ಅಧಿಕಾರಿ ಆದರೂ ಸಿಪಾಯಿ ಆದರೂ ಕಲ್ಲು ಒಂದೇ ಅಳತೆ. ವಾಷಿಂಗ್ಟನ್‌ನಲ್ಲಿ 1982ರಲ್ಲಿ ಕಟ್ಟಿದ ವಿಯೆಟ್ನಾಂ ಯುದ್ಧದ ಸ್ಮಾರಕದ ಕಪ್ಪು ಗೋಡೆಯಲ್ಲಿ ಸತ್ತ, ಕಾಣೆಯಾದ ಅಮೆರಿಕನ್ ಸೈನಿಕರ 58,000ಕ್ಕೂ ಜಾಸ್ತಿ ಹೆಸರು ಇವೆ, ಅಲ್ಲಿ ರ್‍ಯಾಂಕೇ ಇಲ್ಲ, ಹೆಸರು ಮಾತ್ರ. ಜನ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಹೆಸರನ್ನು ಮನೆಗೆ ತಗೊಂಡು ಹೋಗುತ್ತಾರೆ.

ನಾನೂ ರ್‍ಯಾಂಕ್ ಬಿಟ್ಟೆ. ಹುತಾತ್ಮ, ವೀರ ಅನ್ನೋದನ್ನೂ ಬಿಟ್ಟೆ, ಅವು ಬ್ಯಾನರ್‌ಗಳ ಮೇಲೆ ಬೇಕಾದಷ್ಟು ಬಂದಿದ್ದವು. ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಜಾಗ ಇನ್ನೂ ಉಳಿಯಿತು.

ಅಷ್ಟು ಮಾಡಿದರೂ ಪ್ರೂಫ್‌ನಲ್ಲಿ, ಅಂದರೆ ಪ್ರಿಂಟ್‌ಗೆ ಮೊದಲು ತೋರಿಸುವ ಮಾದರಿಯಲ್ಲಿ, ಅವನ ಹೆಸರು ಒಡೆದಿತ್ತು. ಷ್ಣ ಹೋಗಿ ಷ್ ಒಂದು ಕಡೆ, ಣ ಒಂದು ಕಡೆ. ಕಸ್ಟಮರ್ ಕೇರ್‌ನ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ, ಎರಡನ್ನೂ ನೋಡಿ "ಸೇಮ್ ಇದೆಯಲ್ಲ ಸರ್" ಅಂದಳು. ಕೊನೆಗೆ ನಾನೇ ಹೆಸರನ್ನು ಬೇರೆ ಕಡೆ ಟೈಪ್ ಮಾಡಿ, ಚಿತ್ರವಾಗಿ ಸೇವ್ ಮಾಡಿ, ಅದನ್ನೇ ಫೋಟೋ ಥರ ಕವರ್ ಮೇಲೆ ಕೂರಿಸಿದೆ. ಕನ್ನಡದಲ್ಲಿ ಹೆಸರು ಹಾಕಿಸುವವರು ಮೊದಲೇ ಹೀಗೆ ಮಾಡಿ, ಎರಡು ವಾರ ಉಳಿಯುತ್ತದೆ. 40 ಅಕ್ಷರದ ಕಾಟವೂ ಇಲ್ಲ.

ಬುಕ್ ಬಂತು. ಕವರ್ ನೋಡಿದೆ, ಹೆಸರು ಸರಿ ಇದೆ, ಅಷ್ಟಕ್ಕೇ ಖುಷಿಯಾಗಿ ನೇರ ಅಮ್ಮನ ಹತ್ತಿರ ತಗೊಂಡು ಹೋದೆ. ಒಳಗೆ ಸರಿಯಾಗಿ ನೋಡಿರಲೇ ಇಲ್ಲ, ಅದು ನನ್ನ ತಪ್ಪು.

ಅಮ್ಮ ನಿಧಾನಕ್ಕೆ ಪುಟ ತಿರುಗಿಸಿದರು. ಐದನೇ ಪುಟದಲ್ಲಿ ನಿಂತರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಇವನ ಹಣೆ ಎಲ್ಲಿ ಹೋಯ್ತಪ್ಪಾ?"

ವರ್ಷಗಟ್ಟಲೆ ಟೋಪಿ, ಹೆಲ್ಮೆಟ್ ಹಾಕಿಕೊಂಡು ಬಿಸಿಲಲ್ಲಿ ನಿಂತವರ ಮುಖ ನೋಡಿದ್ದೀರಾ? ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ಕೆಳಗೆ ಸುಟ್ಟ ಬಣ್ಣ, ಮೇಲೆ ಹಳೆಯ ಬಣ್ಣ. ರಜೆಗೆ ಬಂದಾಗಲೆಲ್ಲ ನಾವು ಅವನನ್ನು ಡಬಲ್ ಕಲರ್ ಅಂತ ಕರೆಯುತ್ತಿದ್ದೆವು. ಮೊದಲ ದಿನ ಚೆನ್ನಾಗಿ ಕಾಣುತ್ತಿತ್ತು, ರಜೆ ಮುಗಿಯುವ ಹೊತ್ತಿಗೆ ಮಸುಕಾಗುತ್ತಿತ್ತು, ಅಷ್ಟರಲ್ಲಿ ಹೊರಡುತ್ತಿದ್ದ. ಆ ಗೆರೆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹಣೆಯಿಂದ ಗಲ್ಲದವರೆಗೆ ಒಂದೇ ಬಣ್ಣ, ಕೆನ್ನೆ ನುಣ್ಣಗೆ, ಒಡೆದ ತುಟಿ ಕೂಡ ವಾಸಿಯಾಗಿದೆ. ಸೋಪಿನ ಜಾಹೀರಾತಿನ ಹುಡುಗನ ಥರ ಇದ್ದ.

ಮನೆಗೆ ಬಂದು ಹುಡುಕಿದೆ. ಆರ್ಡರ್ ಮಾಡುವ ಕೊನೆಯ ಪುಟದಲ್ಲಿ, ವಿಳಾಸದ ಕೆಳಗೆ, "ಫೋಟೋಗಳನ್ನು ಸುಂದರಗೊಳಿಸಿ" ಅಂತ ಸಣ್ಣ ಅಕ್ಷರ, ಪಕ್ಕದಲ್ಲಿ ಅವರೇ ಹಾಕಿಟ್ಟ ಟಿಕ್. ಪ್ರೂಫ್‌ನಲ್ಲಿ ಇದು ಕಾಣುವುದೇ ಇಲ್ಲ, ಪ್ರಿಂಟ್‌ಗೆ ಹೋಗುವಾಗ ಮಾಡುತ್ತಾರೆ. ಒಂದು ನಕ್ಷತ್ರ ಕತ್ತರಿಸಿರುವುದು ಇದಕ್ಕೇ. ಕೇಳದೆ ಇನ್ನೊಬ್ಬರ ಮುಖ ತಿದ್ದುವುದು ಯಾವ ಸರ್ವಿಸ್ರೀ?

ಬರೆದು ಕಳಿಸಿದೆ, ಯಾಕೆ ಅಂತಲೂ ಹೇಳಿದೆ. ನ್ಯಾಯವಾಗಿ ಹೇಳಬೇಕು, ವಾದ ಮಾಡಲಿಲ್ಲ, ದುಡ್ಡು ಕೇಳದೆ ಹೊಸದಾಗಿ ಪ್ರಿಂಟ್ ಮಾಡಿ ಒಂದು ವಾರದಲ್ಲಿ ಕಳಿಸಿದರು. ಈ ಸಲ ಗೆರೆ ಇತ್ತು.

ಕಾಗದ ಹೊಳಪಿಲ್ಲದ ಮ್ಯಾಟ್ ತಗೊಳ್ಳಿ, ಹೊಳೆಯುವ ಗ್ಲಾಸಿ ಬೇಡ. ನೋಡುವವರು ಬರೀ ಕಣ್ಣಲ್ಲಿ ನೋಡುವುದಿಲ್ಲ. ಅಮ್ಮ ಪ್ರತಿ ಪುಟದಲ್ಲೂ ಮುಖದ ಮೇಲೆ ಹೆಬ್ಬೆರಳು ಆಡಿಸುತ್ತಾರೆ, ಗ್ಲಾಸಿ ಆಗಿದ್ದರೆ ಇಷ್ಟು ಹೊತ್ತಿಗೆ ಬೆರಳ ಗುರುತೇ ತುಂಬಿರುತ್ತಿತ್ತು. ಬೈಂಡಿಂಗ್ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವಂಥದ್ದೇ ಇರಲಿ, ಇಲ್ಲಾಂದರೆ ಎರಡು ಪುಟಕ್ಕೆ ಹರಡಿದ ಫೋಟೋದಲ್ಲಿ ಮಧ್ಯದವನ ಮುಖ ಹೊಲಿಗೆಯೊಳಗೆ ಹೋಗುತ್ತದೆ. ಪ್ಯಾಕಿಂಗ್, ಡೆಲಿವರಿ ಬಗ್ಗೆ ದೂರಿಲ್ಲ.

ಕನಿಷ್ಠ 24 ಪುಟ ಇರಲೇಬೇಕಂತೆ. ಪುಟಕ್ಕೊಂದು ಹಾಕಿದ ಮೇಲೆ ಐದು ಖಾಲಿ. "ಖಾಲಿ ಪುಟಗಳಿವೆ, ಖಚಿತವೇ?" ಅಂತ ಆಪ್ ಮೂರು ಸಲ ಕೇಳಿತು, ಮೂರು ಸಲವೂ ಹೌದು ಒತ್ತಿದೆ. ಒಂದರಲ್ಲಿ ಈಗ ಅಮ್ಮ ಅವನ ಶಾಲೆಯ ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಿದ್ದಾರೆ, ಸ್ವಲ್ಪ ಸೊಟ್ಟಗೆ. ಗಮ್ ಹಿಡಿಯಲಿಲ್ಲವಂತೆ, ಟೇಪ್ ಹಾಕಿದ್ದಾರೆ.

ಮೇಲ್‌ಗಳನ್ನು ಮಾತ್ರ ಆರ್ಡರ್ ಆದ ದಿನವೇ ನಿಲ್ಲಿಸಿ. ತಿಂಗಳಾದ ಮೇಲೆ ಕವರ್ ಮೇಲಿನ ಅವನ ಹೆಸರಿನ ಚಿತ್ರವನ್ನೇ ಹಾಕಿ "ಹೊಸ ನೆನಪುಗಳಿಗೆ ಸಮಯವಾಯಿತು" ಅಂತ ಆಫರ್ ಬಂತು.

ನಾಲ್ಕು ನಕ್ಷತ್ರ. ಅವನ ಜೊತೆಗಿದ್ದ ಹುಡುಗರು ಒಂದು ಕಾಪಿ ಕೇಳಿದ್ದಾರೆ, ಈ ವಾರ ಅಲ್ಲೇ ಆರ್ಡರ್ ಮಾಡುತ್ತೇನೆ. ಟಿಕ್ ತೆಗೆದು.