ಕೀಬೋರ್ಡ್ ಲೇಔಟ್ ಬೇರೆಯಾದರೆ: ಫೋಟೋಶಾಪ್, ಇಂಕ್‌ಸ್ಕೇಪ್, ಫಿಗ್ಮಾ

ಫೋಟೋ ತಿದ್ದುವ ತಂತ್ರಾಂಶ ಫೋಟೋಶಾಪಿನಲ್ಲಿ ಬ್ರಷ್ ಗಾತ್ರ ಬದಲಿಸುವ ಚೌಕ ಆವರಣದ ಕೀಗಳು ([ ಮತ್ತು ]) ಅಮೆರಿಕನ್ ಲೇಔಟಿನಲ್ಲಿ, ಅಂದರೆ ಕೀಗಳ ಜೋಡಣೆಯಲ್ಲಿ, 'ಪಿ' ಪಕ್ಕದಲ್ಲೇ ಇವೆ. ಜರ್ಮನ್ ಲೇಔಟಿನಲ್ಲಿ ಅದೇ ಚಿಹ್ನೆಗೆ ಆಲ್ಟ್‌ಜಿಆರ್ (ಬಲಗಡೆಯ ಆಲ್ಟ್ ಕೀ) ಹಿಡಿದು 8 ಅಥವಾ 9 ಒತ್ತಬೇಕು. ವಿಂಡೋಸ್ ಆಲ್ಟ್‌ಜಿಆರ್ ಅನ್ನು ಕಂಟ್ರೋಲ್+ಆಲ್ಟ್ ಎಂದೇ ಓದುವುದರಿಂದ ಚಿಹ್ನೆಯ ಬದಲು ಬೇರೆ ಶಾರ್ಟ್‌ಕಟ್ ಒತ್ತಿದಂತಾಗಬಹುದು; ಎಡವಟ್ಟಾಗುವುದು ಇಲ್ಲೇ.

ಪರಿಹಾರ ಸುಲಭ: ಆಲ್ಟ್+ಶಿಫ್ಟ್+ಕಂಟ್ರೋಲ್+ಕೆ ಒತ್ತಿ, 'ಟೂಲ್ಸ್' ಆರಿಸಿ, ಪಟ್ಟಿಯ ತಳದಲ್ಲಿರುವ ಬ್ರಷ್ ಗಾತ್ರದ ಸಾಲುಗಳಿಗೆ ಕೈಗೆಟಕುವ ಕೀ ಕೊಡಿ. ಆ ಕೀ ಬೇರೆ ಕೆಲಸಕ್ಕಿದ್ದರೆ ಎಚ್ಚರಿಕೆ ಬರುತ್ತದೆ. ಓದದೆ ಒಪ್ಪಿದರೆ ಹಳೆಯ ಶಾರ್ಟ್‌ಕಟ್ ಹೋಯಿತು ಅಂತಲೇ. ಬದಲಾವಣೆಯನ್ನು ಹೊಸ ಸೆಟ್ಟಾಗಿ ಉಳಿಸಿ; ಅದು ಕೆವೈಎಸ್ (.kys) ಎಂಬ ಫೈಲಾಗುತ್ತದೆ, ಅದನ್ನು ಇನ್ನೊಂದು ಕಂಪ್ಯೂಟರಿಗೂ ಒಯ್ಯಬಹುದು.

ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಎಡಿಟ್, ಪ್ರಿಫರೆನ್ಸಸ್, ಇಂಟರ್‌ಫೇಸ್, ಕೀಬೋರ್ಡ್ ಎಂದು ಹೋಗಬೇಕು. ಇಲಸ್ಟ್ರೇಟರ್, ಕೋರೆಲ್‌ಡ್ರಾ ಮಾದರಿಯ ಸಿದ್ಧ ಸೆಟ್‌ಗಳೂ ಅಲ್ಲಿವೆ. ಆ ಎರಡು ತಂತ್ರಾಂಶಗಳಿಂದ ವಲಸೆ ಬಂದವರಿಗೆ ಅರ್ಧ ಕೆಲಸ ಉಳಿತಾಯವಾಯಿತು.

ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲಿ ಒಂದೊಂದೇ ಶಾರ್ಟ್‌ಕಟ್ ಬದಲಿಸಲಾಗದು. ಕಂಟ್ರೋಲ್+ಶಿಫ್ಟ್+ಪ್ರಶ್ನಾರ್ಥಕ ಚಿಹ್ನೆಯಿಂದ ತೆರೆಯುವ ಫಲಕದ 'ಲೇಔಟ್' ಟ್ಯಾಬಿನಲ್ಲಿ ನಿಮ್ಮ ಕೀಬೋರ್ಡ್ ಆರಿಸಬಹುದು, ಅಷ್ಟೇ. ಜರ್ಮನ್, ಫ್ರೆಂಚ್‌ನಂಥ ಮಾಮೂಲಿ ಲೇಔಟಾದರೆ ಇದೇ ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ನಿಮ್ಮದೇ ವಿಚಿತ್ರ ಜೋಡಣೆಯಿದ್ದರೆ ಮಾತ್ರ ಫೋಟೋಶಾಪ್, ಇಂಕ್‌ಸ್ಕೇಪ್‌ಗಳಷ್ಟು ಸ್ವಾತಂತ್ರ್ಯ ಇಲ್ಲಿ ಸಿಗದು.