ಬೋಟ್ಸ್ವಾನಾದಲ್ಲಿ ಪೈಲಟ್ ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳಿದರೆ ಕೊಡಬೇಡಿ. ನಾನು ಕೊಟ್ಟು ಕೂತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಬೋಟ್ಸ್ವಾನಾದ ಮೌನ್ ಊರಿನಲ್ಲಿ ಪೈಲಟ್ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ಮಧ್ಯೆ ನಿಂತು ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಹತ್ತಿರ ಹತ್ತಿರ 4 ಲಕ್ಷ ಕೊಟ್ಟೆ. ಟಿಕೆಟ್, ವೀಸಾ, ಅಲ್ಲಿ ಉಳಿದ ಖರ್ಚು ಬೇರೆ. ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ ಆಗುತ್ತದೆ. ಆದರೆ ಹೋದ ವಾರ, ನನ್ನಿಂದ ದುಡ್ಡು ತೆಗೆದುಕೊಂಡ ಅದೇ ಮನುಷ್ಯ ಹೊಸ ನಂಬರಿನಿಂದ ಹೊಸ ಹುಡುಗರನ್ನು ಹಿಡಿಯುತ್ತಿದ್ದಾನೆ ಅಂತ ಗೊತ್ತಾಯಿತು. ಇನ್ನು ಸುಮ್ಮನಿರಲು ಆಗಲಿಲ್ಲ.

ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಮುಗಿಸಿ ಮನೆಯಲ್ಲಿ ಕೂತವರಿಗೆ ನನ್ನ ಪರಿಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ. ಹಾರಿಸಿದ್ದು 212 ಗಂಟೆ, ಅದರಲ್ಲಿ ಬಹುಪಾಲು ಸೆಸ್ನಾ 152 ಮತ್ತು 172 ಅನ್ನುವ ಸಣ್ಣ ವಿಮಾನಗಳಲ್ಲಿ. ಟೈಪ್ ರೇಟಿಂಗ್ (ಒಂದು ಮಾದರಿಯ ದೊಡ್ಡ ವಿಮಾನ ಹಾರಿಸಲು ಬೇಕಾದ ಬೇರೆ ತರಬೇತಿ) ಮಾಡಿಸಲು ಮತ್ತೆ ಲಕ್ಷಗಟ್ಟಲೆ ಸುರಿಯಬೇಕು. ಸುರಿದರೂ ಏರ್‌ಲೈನ್‌ನವರು ಕರೆಯುತ್ತಾರೆ ಅನ್ನುವ ಖಾತ್ರಿ ಇಲ್ಲ. ಬ್ಯಾಂಕಿನ ಕಂತು ಶುರುವಾಗಿತ್ತು. ಅಪ್ಪನದು ತಿಪಟೂರಿನ ಹತ್ತಿರ ತೆಂಗಿನ ತೋಟ. ಕೊಬ್ಬರಿ ರೇಟು ಬಿದ್ದ ವರ್ಷ ಅವರು ಕಂತು ಕಟ್ಟುವುದನ್ನು ನೋಡುತ್ತಾ ಕೂರುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಬೋಟ್ಸ್ವಾನಾ ನಾನಾಗಿಯೇ ಹುಡುಕಿಕೊಂಡ ದಾರಿ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಂಗೋಲಾದಲ್ಲಿ ಬಿದ್ದ ಮಳೆ ಹರಿದು ಬಂದು ಕಲಹರಿ ಮರಳಿನಲ್ಲಿ ಹರಡಿಕೊಳ್ಳುವ ಜಾಗ ಒಕವಾಂಗೊ. ನೀರಿನ ನಡುವೆ ಟೂರಿಸ್ಟ್ ಕ್ಯಾಂಪ್‌ಗಳು. ಎಷ್ಟೋ ಕ್ಯಾಂಪಿಗೆ ರಸ್ತೆಯೇ ಇಲ್ಲ. ಜನ, ಅವರ ಬ್ಯಾಗು, ತರಕಾರಿ, ಎಲ್ಲವೂ ಮೌನ್ ಊರಿನಿಂದ ಸಣ್ಣ ವಿಮಾನದಲ್ಲೇ ಹೋಗಬೇಕು. ಸೆಸ್ನಾ 206, 210, ಏರ್‌ವ್ಯಾನ್, ಆಮೇಲೆ ಕ್ಯಾರವಾನ್. ಮಣ್ಣಿನ ರನ್‌ವೇ. ಇಳಿಯುವ ಮೊದಲು ಕಡಿಮೆ ಎತ್ತರದಲ್ಲಿ ಒಂದು ಸುತ್ತು ಹಾರಿ, ಆನೆಯೋ ಜಿಂಕೆಯೋ ಅಡ್ಡ ನಿಂತಿಲ್ಲ ಅಂತ ನೋಡಿಕೊಳ್ಳಬೇಕು. ಕೈಯಲ್ಲಿ ಹೆಚ್ಚು ಗಂಟೆ ಇಲ್ಲದ ಪೈಲಟ್‌ಗಳು ಎಷ್ಟೋ ವರ್ಷಗಳಿಂದ ದೇಶ ದೇಶಗಳಿಂದ ಅಲ್ಲಿಗೆ ಹೋಗಿ ಮೊದಲ ಕೆಲಸ ಹುಡುಕಿಕೊಂಡಿದ್ದಾರೆ. ಇದೆಲ್ಲ ನಿಜ. ನಿಜ ಇರುವುದರಿಂದಲೇ ಇವನಂಥವರ ಸುಳ್ಳು ನಡೆಯುತ್ತದೆ.

ಅವನು ಸಿಕ್ಕಿದ್ದು ಇನ್‌ಸ್ಟಾಗ್ರಾಮ್‌ನಲ್ಲಿ. ಬೆಂಗಳೂರಿನವನು, ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ತಾನೇ ಎರಡು ವರ್ಷ ಅಲ್ಲಿ 206 ಹಾರಿಸಿದ್ದೇನೆ ಅಂದ. "ತಿಪಟೂರಾ? ನಮ್ಮ ಅತ್ತೆ ಮನೆ ಅರಸೀಕೆರೆ" ಅಂದ. ಅಷ್ಟು ಸಾಕಾಯಿತು ನನಗೆ. ನಮ್ಮ ಕಡೆಯವನು ಅನ್ನಿಸಿತು. ಮೊದಲ ಫೋನಿನಿಂದಲೇ ನನ್ನನ್ನು "ಕ್ಯಾಪ್ಟನ್" ಅಂತ ಕರೆದ. ಕೆಲಸವಿಲ್ಲದೆ ಕೂತ ಹುಡುಗನನ್ನು ಯಾರಾದರೂ ದಿನಾ ಕ್ಯಾಪ್ಟನ್ ಅಂತ ಕರೆದರೆ ಏನಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು "ಫೈಲ್ ಓಪನಿಂಗ್" ಅಂತ 25,000 ರೂಪಾಯಿ. ಆಮೇಲೆ "ಲೈಸೆನ್ಸ್ ವ್ಯಾಲಿಡೇಶನ್ ಮತ್ತು ವರ್ಕ್ ಪರ್ಮಿಟ್" ಅಂತ 1,800 ಡಾಲರ್. ಆಫರ್ ಲೆಟರ್ ಬಂದ ಮೇಲೆ "ಲೈನ್ ಟ್ರೈನಿಂಗ್ ಡೆಪಾಸಿಟ್" ಅಂತ 2,500 ಡಾಲರ್. ಎಲ್ಲವನ್ನೂ ರೂಪಾಯಿಗೆ ಬದಲಾಯಿಸಿ ಒಬ್ಬ ವ್ಯಕ್ತಿಯ ಸೇವಿಂಗ್ಸ್ ಅಕೌಂಟಿಗೆ ಹಾಕಿದೆ. ಕಂಪನಿ ಅಕೌಂಟ್ ಕೊಡಿ ಸರ್ ಅಂತ ಕೇಳಿದ್ದೆ. "ಕಂಪನಿ ಅಕೌಂಟಿಗೆ ಹಾಕಿದ್ರೆ ಜಿಎಸ್‌ಟಿ ನಿಮ್ಮ ಮೇಲೇ ಬೀಳುತ್ತೆ ಕ್ಯಾಪ್ಟನ್. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಅಂದ. ನಾನು ನಂಬಿದೆ.

ಇನ್ನೊಂದು ಕೇಳಿದ್ದೆ. ಆಫರ್ ಲೆಟರಿನಲ್ಲಿ ಹೆಸರಿದ್ದ ಏರ್ ಚಾರ್ಟರ್ (ಬಾಡಿಗೆಗೆ ವಿಮಾನ ಹಾರಿಸುವ) ಕಂಪನಿಗೆ ನಾನೇ ಒಂದು ಮೇಲ್ ಹಾಕಿ ಥ್ಯಾಂಕ್ಸ್ ಹೇಳಲಾ ಅಂತ. ಅದಕ್ಕೆ ಬಂದ ಉತ್ತರವನ್ನು ಈಗಲೂ ಇಟ್ಟುಕೊಂಡಿದ್ದೇನೆ: "ದಯವಿಟ್ಟು ಬೇಡ ಕ್ಯಾಪ್ಟನ್. ಅಲ್ಲಿನವರಿಗೆ ಡೈರೆಕ್ಟಾಗಿ ಬರೋರು ಅಂದ್ರೆ ಆಗಲ್ಲ. ಫೈಲ್ ಕ್ಯಾನ್ಸಲ್ ಆದ್ರೆ ನಾನು ಜವಾಬ್ದಾರಿ ಅಲ್ಲ."

ಈ ಒಂದು ಸಾಲು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನವೆಂಬರ್‌ನಲ್ಲಿ ಹೊರಟೆ. ಬೆಂಗಳೂರಿನಿಂದ ಆಡಿಸ್ ಅಬಾಬಾ, ಅಲ್ಲಿಂದ ಜೋಹಾನ್ಸ್‌ಬರ್ಗ್, ಅಲ್ಲಿಂದ ಮೌನ್. ಯೆಲ್ಲೋ ಫೀವರ್ ಚುಚ್ಚುಮದ್ದು ಹಾಕಿಸಿಕೊಂಡು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಕೋಡುಬಳೆ ಹೊತ್ತುಕೊಂಡು ಹೋದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಪರ್ಮಿಟ್ ಬದಲಾಯಿಸುತ್ತಾರೆ ಅಂದಿದ್ದ. ಏರ್‌ಪೋರ್ಟಿಗೆ ಕಂಪನಿ ಡ್ರೈವರ್ ಬರುತ್ತಾನೆ ಅಂದಿದ್ದ. ಯಾರೂ ಬರಲಿಲ್ಲ. ಮೂರು ಗಂಟೆ ಬಿಸಿಲಲ್ಲಿ ಬ್ಯಾಗ್ ಇಟ್ಟುಕೊಂಡು ನಿಂತೆ. ಮೆಸೇಜ್ ಹಾಕಿದರೆ "ಚೀಫ್ ಪೈಲಟ್ ಲೀವಲ್ಲಿದ್ದಾರೆ ಕ್ಯಾಪ್ಟನ್, ಸೋಮವಾರ ಪಕ್ಕಾ." ಒಂದು ಗೆಸ್ಟ್‌ಹೌಸ್ ಹಿಡಿದೆ. ಸೋಮವಾರ ಬಂತು. "ಬುಧವಾರ" ಅಂದ. ದಿನಾ ಸಂಜೆ ಅಪ್ಪ ಫೋನ್ ಮಾಡುತ್ತಿದ್ದರು. "ಹತ್ತಿದೇನಪ್ಪಾ ವಿಮಾನ?" ಅಂತ ಕೇಳುತ್ತಿದ್ದರು. ಪೇಪರ್ ಕೆಲಸ ನಡೀತಿದೆ ಅಪ್ಪ ಅನ್ನುತ್ತಿದ್ದೆ.

ಗುರುವಾರ ತಡೆಯಲಾಗಲಿಲ್ಲ. ಕಂಪನಿ ಆಫೀಸು ಏರ್‌ಪೋರ್ಟಿನ ಪಕ್ಕದಲ್ಲೇ ಇತ್ತು, ನಡೆದುಕೊಂಡು ಹೋಗುವಷ್ಟು ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು, ಲೆಟರ್ ಹಿಡಿದುಕೊಂಡು ಹೋದೆ. "ಡುಮೆಲಾ" (ಅಲ್ಲಿನ ನಮಸ್ಕಾರ) ಅಂತ ನಗುನಗುತ್ತಾ ಕೂರಿಸಿದರು. ಚೀಫ್ ಪೈಲಟ್ ಲೀವಲ್ಲೇನೂ ಇರಲಿಲ್ಲ. ಅಲ್ಲೇ ಇದ್ದರು, ನಲವತ್ತರ ಆಸುಪಾಸಿನ ಹೆಂಗಸು. ಲೆಟರ್ ತೆಗೆದುಕೊಂಡು ಓದಿದರು. ಮತ್ತೆ ಓದಿದರು. ಇದು ನಮ್ಮ ಲೆಟರ್‌ಹೆಡ್ ಅಲ್ಲ, ಸಹಿ ಮಾಡಿದ ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಅಂದರು.

ಆಮೇಲೆ ಪೆನ್ನಿನ ತುದಿಯಿಂದ ಲೆಟರಿನ ಮೇಲ್ಗಡೆ ಇದ್ದ ಫೋಟೋ ತೋರಿಸಿದರು. ಸೆಸ್ನಾ 206, ಹಿಂದೆ ಒಣ ಹುಲ್ಲು. ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಫೋನಿನ ವಾಲ್‌ಪೇಪರ್ ಕೂಡ ಅದೇ. ಬಾಲದ ಹತ್ತಿರ ವಿಮಾನದ ರಿಜಿಸ್ಟ್ರೇಷನ್ ಸ್ಪಷ್ಟವಾಗಿ ಕಾಣುತ್ತಿತ್ತು. ಫೈವ್ ವೈ ಅಂತ ಶುರು.

ಫೈವ್ ವೈ ಅಂದರೆ ಕೀನ್ಯಾ. ಬೋಟ್ಸ್ವಾನಾದ ವಿಮಾನ ಎ ಟು ಅಂತ ಶುರುವಾಗಬೇಕು. ನಮ್ಮದು ವಿ ಟಿ ಇದ್ದ ಹಾಗೆ. ಇದು ಗ್ರೌಂಡ್ ಕ್ಲಾಸಿನ ಪಾಠ. ನಾನು ಓದಿ ಪಾಸಾದ ಪಾಠ. ತಿಂಗಳುಗಟ್ಟಲೆ ಆ ಫೋಟೋ ನೋಡಿದ್ದೆ, ಆ ಎರಡು ಅಕ್ಷರ ಒಂದು ಸಲವೂ ಓದಲಿಲ್ಲ. ಅವರು ಬಯ್ಯಲಿಲ್ಲ, ನಗಲೂ ಇಲ್ಲ. ಒಂದು ಲೋಟ ತಣ್ಣನೆ ನೀರು ತಂದಿಟ್ಟರು. ನನ್ನ ಕೈ ನಡುಗುತ್ತಿತ್ತು, ಲೋಟ ಎತ್ತಿಕೊಳ್ಳಲು ಆಗಲಿಲ್ಲ.

ಎಷ್ಟು ಕೊಟ್ಟಿರಿ ಅಂತ ಕೇಳಿದರು. ಹೇಳಿದೆ. ನಾವು ಪೈಲಟ್‌ಗಳ ಹತ್ತಿರ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಏಜೆಂಟ್‌ಗಳನ್ನೂ ಇಟ್ಟುಕೊಂಡಿಲ್ಲ ಅಂದರು. ಆಮೇಲೆ ಅವರು ಹೇಳಿದ್ದನ್ನು ಎಲ್ಲರೂ ಗಮನವಿಟ್ಟು ಓದಿ. ಇಲ್ಲಿ ಕೆಲಸ ಸಿಗುವುದೇ ನೇರವಾಗಿ ಬಂದವರಿಗೆ. ಲಾಗ್‌ಬುಕ್, ಬಯೋಡೇಟಾ ಹಿಡಿದು ಒಂದೊಂದೇ ಕಂಪನಿಯ ಬಾಗಿಲು ತಟ್ಟಬೇಕು. ಊರಲ್ಲೇ ಉಳಿದು ಮತ್ತೆ ಮತ್ತೆ ಮುಖ ತೋರಿಸಬೇಕು. ಮನುಷ್ಯ ಹೇಗಿದ್ದಾನೆ, ಈ ಊರಲ್ಲಿ ಬಾಳುತ್ತಾನಾ ಅಂತ ನೋಡಿಯೇ ತೆಗೆದುಕೊಳ್ಳುತ್ತಾರೆ.

ಅಂದರೆ ಅವನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. "ಡೈರೆಕ್ಟಾಗಿ ಬರೋರು ಅಂದ್ರೆ ಆಗಲ್ಲ" ಅಂತೆ! ಒಂದೇ ಒಂದು ಮೇಲ್ ಹಾಕಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಹಾಕಬೇಡ ಅಂದಿದ್ದ. ಒಂದು ಮೇಲ್!

ನವೆಂಬರ್‌ನಲ್ಲಿ ಕಳಿಸಿದ್ದೂ ಮೋಸವೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಮಳೆಗಾಲ, ಟೂರಿಸ್ಟ್‌ಗಳು ಕಡಿಮೆ. ದೊಡ್ಡ ಸೀಸನ್ ಜೂನ್‌ನಿಂದ ಅಕ್ಟೋಬರ್. ಅದಕ್ಕೆ ಮೊದಲು, ವರ್ಷದ ಶುರುವಿನಲ್ಲಿ ಜನ ಬೇಕಾಗುತ್ತದೆ. ಎರಡು ವರ್ಷ ಅಲ್ಲಿ ಹಾರಿಸಿದವನಿಗೆ ಇಷ್ಟೂ ಗೊತ್ತಿರಲ್ವಾ? ಅವನು ಅಲ್ಲಿಗೆ ಕಾಲೇ ಇಟ್ಟಿಲ್ಲ ಅನ್ನಿಸುತ್ತದೆ.

ಆಫೀಸಿನ ಹೊರಗೆ ನಿಂತೇ ಅವನಿಗೆ ಫೋನ್ ಮಾಡಿದೆ. ಕಟ್ ಮಾಡಿದ. ವಾಟ್ಸ್ಆ್ಯಪ್‌ನಲ್ಲಿ ಬರೆದ: "ನನ್ನ ಪರ್ಮಿಷನ್ ಇಲ್ಲದೆ ಆಫೀಸಿಗೆ ಯಾಕೆ ಹೋದ್ರಿ? ಆಗ್ತಿದ್ದ ಕೆಲಸಾನ ನೀವೇ ಕೆಡಿಸಿಕೊಂಡ್ರಿ." ನನ್ನ ತಪ್ಪಂತೆ! ಲೆಟರ್ ನಕಲಿ ಅಂತ ಅವರೇ ಹೇಳಿದರು ಅಂತ ಬರೆದೆ. "ಜೋಹಾನ್ಸ್‌ಬರ್ಗ್ ಪಾರ್ಟ್ನರ್ ಕಳಿಸಿದ್ದು, ನಾನು ಬರೀ ಫಾರ್ವರ್ಡ್ ಮಾಡಿದ್ದು" ಅಂದ. ದುಡ್ಡು ವಾಪಸ್ ಕೊಡಿ ಅಂದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ: "ನೋಡಿ ಮಿಸ್ಟರ್, ನೀವು ಕೊಟ್ಟಿದ್ದು ಕನ್ಸಲ್ಟೆನ್ಸಿ ಫೀ. ಜಾಬ್ ಗ್ಯಾರಂಟಿ ಅಂತ ಎಲ್ಲಾದ್ರೂ ಬರೆದಿದೆಯಾ?" ಅಲ್ಲಿಯವರೆಗೆ ಕ್ಯಾಪ್ಟನ್ ಆಗಿದ್ದವನು ಅವತ್ತು ಮಿಸ್ಟರ್ ಆದೆ. ಆಮೇಲೆ ಬ್ಲಾಕ್ ಮಾಡಿದ.

ಕೈಯಲ್ಲಿದ್ದ ದುಡ್ಡಿನಲ್ಲಿ ಮೂರು ವಾರ ಅಲ್ಲೇ ಉಳಿದು ಉಳಿದ ಕಂಪನಿಗಳ ಬಾಗಿಲನ್ನೂ ತಟ್ಟಿದೆ. ಯಾರೂ ಅವಮಾನ ಮಾಡಲಿಲ್ಲ. ಎಲ್ಲರೂ ಬಯೋಡೇಟಾ ಇಸ್ಕೊಂಡರು. ಇನ್ಶೂರೆನ್ಸ್‌ನವರು ಕೇಳುವಷ್ಟು ಗಂಟೆ ನಿನಗಿಲ್ಲ ಅಂತ ಒಬ್ಬರು ಮುಖಕ್ಕೇ ಹೇಳಿದರು, ಅದೂ ಒಳ್ಳೆಯದೇ ಆಯಿತು. ಅಲ್ಲಿ ಹಾರಿಸುತ್ತಿರುವ ಹುಡುಗರು ಇನ್ನಷ್ಟು ಬಿಡಿಸಿ ಹೇಳಿದರು. ವರ್ಕ್ ಪರ್ಮಿಟ್ ಹಾಕುವುದು ಕೆಲಸ ಕೊಟ್ಟ ಕಂಪನಿ, ಯಾವ ಏಜೆಂಟೂ ಅಲ್ಲ. ತಮ್ಮ ದೇಶದವರಿಗೆ ಮೊದಲು ಕೆಲಸ ಅನ್ನುವುದು ಅಲ್ಲಿನ ಸರ್ಕಾರದ ನೀತಿ, ಹಾಗಾಗಿ ಹೊರಗಿನವರಿಗೆ ಪರ್ಮಿಟ್ ಸುಲಭವಲ್ಲ. ಲೈಸೆನ್ಸಿಗೆ ಅಲ್ಲಿನ ಏರ್ ಲಾ (ವಿಮಾನಯಾನ ಕಾನೂನು) ಪರೀಕ್ಷೆಯನ್ನು ನಾವೇ ಕೂತು ಬರೆಯಬೇಕು. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡಿದರೆ ಅಪರಾಧ. ಇವನು ನನ್ನನ್ನು ಅದಕ್ಕೂ ತಳ್ಳುತ್ತಿದ್ದ.

ಡಿಸೆಂಬರ್‌ನಲ್ಲಿ ವಾಪಸ್ ಬಂದೆ. ಅಪ್ಪನಿಗೆ ಎದುರಿಗೇ ಹೇಳಿದೆ. ಅವರು ಏನೂ ಅನ್ನಲಿಲ್ಲ, ಎದ್ದು ತೋಟಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

1930ಕ್ಕೆ ಫೋನ್ ಮಾಡಿ ಸೈಬರ್ ಕ್ರೈಮ್ ದೂರು ಕೊಟ್ಟಿದ್ದೇನೆ. ದುಡ್ಡು ಹಾಕಿ ತಿಂಗಳುಗಳಾಗಿದ್ದರಿಂದ ಅಕೌಂಟಿನಲ್ಲಿ ಏನೂ ಉಳಿದಿಲ್ಲವಂತೆ. ಮೋಸ ಗೊತ್ತಾದ ತಕ್ಷಣ ಅದೇ ದಿನ ಫೋನ್ ಮಾಡಿ, ನನ್ನ ಹಾಗೆ ವಾಪಸ್ ಬಂದ ಮೇಲೆ ಮಾಡಬೇಡಿ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ನಮ್ಮಲ್ಲಿ 1983ರ ಎಮಿಗ್ರೇಷನ್ ಕಾಯ್ದೆ ಅಂತ ಇದೆ. ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅಂಥವರು ಕೂಡ ನಮ್ಮಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಆಗಿದೆಯಾ ಅಂತ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಐದು ನಿಮಿಷದ ಕೆಲಸ. ನಾನು ನೋಡಲಿಲ್ಲ.

ಹೋಗುವುದಾದರೆ ಹೋಗಿ, ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಕಂಪನಿಗೆ ನೀವೇ ಮೇಲ್ ಹಾಕಿ, ನೀವೇ ಫೋನ್ ಮಾಡಿ. ವರ್ಷದ ಶುರುವಿನಲ್ಲಿ ಹೋಗಿ. ಕೆಲಸ ಸಿಗದೆ ವಾಪಸ್ ಬರಲು ಬೇಕಾದ ದುಡ್ಡನ್ನು ಬೇರೆ ಇಟ್ಟುಕೊಂಡು ಹೋಗಿ. ಕಂಪನಿಗೆ ಮೇಲ್ ಹಾಕಬೇಡ ಅಂತ ಯಾರಾದರೂ ಹೇಳಿದರೆ ಅವನ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ.

ಈಗ ಫೆಬ್ರವರಿ. ಮೌನ್‌ಗೆ ಹೋಗಿ ಬಾಗಿಲು ತಟ್ಟಬೇಕಾದ ಸಮಯ ಇದೇ. ಆ ಚೀಫ್ ಪೈಲಟ್ ಕೂಡ ಈ ಹೊತ್ತಿಗೇ ಬಾ ಅಂದಿದ್ದರು. ನನ್ನ ಹತ್ತಿರ ಟಿಕೆಟ್ಟಿಗೆ ದುಡ್ಡಿಲ್ಲ.

ಅವನ ಹೊಸ ಜಾಹೀರಾತನ್ನು ಹೋದ ವಾರ ಜೂನಿಯರ್ ಒಬ್ಬ ಕಳಿಸಿದ. "ಬೋಟ್ಸ್ವಾನಾ ಬ್ಯಾಚ್, 4 ಸೀಟ್ ಮಾತ್ರ" ಅಂತ ಇದೆ. ಫೋಟೋ ಅದೇ, ಒಣ ಹುಲ್ಲಿನ ಮುಂದೆ ಅದೇ ಫೈವ್ ವೈ ವಿಮಾನ. ನಿಮಗೂ ಅದು ಬಂದಿದ್ದರೆ, ಯಾವ ನಂಬರಿನಿಂದ ಬಂತು ಅನ್ನುವುದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ದೂರಿಗೆ ಸೇರಿಸಬೇಕು. ದುಡ್ಡು ಕೊಟ್ಟವರಿದ್ದರೆ ಹೆಸರು ಎಲ್ಲೂ ಹೇಳುವುದಿಲ್ಲ, ನಾಚಿಕೊಳ್ಳದೆ ಮೆಸೇಜ್ ಮಾಡಿ.